ಮತಪತ್ರದ ಕೆಳಸಾಲುಗಳು: ಫೋರ್ಟ್ ಬೆಂಡ್ ಕೌಂಟಿಯ ಕನ್ನಡ ಮತದಾರರಿಗೆ ಒಂದು ಬಹಿರಂಗ ಪತ್ರ

ಟೆಕ್ಸಾಸ್ ರಾಜ್ಯದ ಫೋರ್ಟ್ ಬೆಂಡ್ ಕೌಂಟಿಯ ಕನ್ನಡ ಬಂಧುಗಳಿಗೆ ನಮಸ್ಕಾರಗಳು.

ಯುಗಾದಿ ಊಟದ ಸಾಲಿನಲ್ಲಿ ನಿಂತು, ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟು ಹೊತ್ತಿನಲ್ಲಿ, ವಾಷಿಂಗ್ಟನ್ನಿನಲ್ಲಿ ಯಾರು ಏನು ಮಾಡಬೇಕಿತ್ತು ಎಂಬುದನ್ನೆಲ್ಲ ತೀರ್ಮಾನಿಸಿ ಮುಗಿಸುವವರು ನಾವು. ಅದೇ ಸಾಲಿನಲ್ಲಿ ನಿಂತವರನ್ನು ನಮ್ಮ ಕೌಂಟಿಯ 240ನೆಯ ಡಿಸ್ಟ್ರಿಕ್ಟ್ ಕೋರ್ಟಿಗೆ 2022ರಲ್ಲಿ ಆರಿಸಿ ಬಂದ ನ್ಯಾಯಾಧೀಶರು ಯಾರು ಎಂದು ಕೇಳಿದರೆ ಇಬ್ಬರೋ ಮೂವರೋ ಹೆಸರು ಹೇಳಿಯಾರು. ಅವರೂ "ಕಾಸರಗೋಡಿನವರಲ್ಲವೇ, ಬೀಡಿ ಕಟ್ಟಿ ಓದಿದವರು" ಎಂದು ಅಭಿಮಾನದಿಂದ ಹೇಳುತ್ತಾರೆಯೇ ಹೊರತು, ಆ ನ್ಯಾಯಾಲಯದಲ್ಲಿ ಎಂಥ ಮೊಕದ್ದಮೆಗಳು ನಡೆಯುತ್ತವೆ, ಅಲ್ಲಿನ ಪೀಠಕ್ಕೆ ಎಷ್ಟು ಅಧಿಕಾರವಿದೆ, ಆ ಅಧಿಕಾರ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಹೇಳಲಾರರು. ಹೆಸರು ಗೊತ್ತಿದ್ದು ಕೆಲಸ ಗೊತ್ತಿಲ್ಲದ ಆ ಗುಂಪಿನಲ್ಲಿ ನಾನೂ ಇದ್ದೆ. ಈ ಪತ್ರ ಬರೆಯುವ ಅರ್ಹತೆ ನನಗೇನಾದರೂ ಇದ್ದರೆ ಅದು ಅಲ್ಲಿಂದಲೇ ಬಂದದ್ದು.

2022ರ ನವೆಂಬರಿನಲ್ಲಿ ಆಯ್ಕೆಯಾದ ಡಿಸ್ಟ್ರಿಕ್ಟ್ ನ್ಯಾಯಾಧೀಶರ ನಾಲ್ಕು ವರ್ಷದ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆ ಪೀಠಗಳಿಗೆ ಮತದಾನ 2026ರ ನವೆಂಬರ್ 3ರಂದು. ಯಾರಿಗೆ ಮತ ಹಾಕಬೇಕು ಎಂದು ಹೇಳಲು ನಾನು ಕುಳಿತಿಲ್ಲ. ಯಾವ ಅಭ್ಯರ್ಥಿಯ ಪರವಾಗಿಯೂ, ಯಾವ ಪಕ್ಷದ ಪರವಾಗಿಯೂ ಇದನ್ನು ಬರೆಯುತ್ತಿಲ್ಲ. ನ್ಯಾಯಾಧೀಶರ ಹೆಸರುಗಳಿರುವ ಸಾಲುಗಳನ್ನು ಖಾಲಿ ಬಿಡಬೇಡಿ, ತುಂಬುವಾಗ ಹೆಸರಿನ ಸದ್ದು ಕೇಳಿ ತುಂಬಬೇಡಿ ಎಂಬುದಷ್ಟೇ ನನ್ನ ಬಿನ್ನಹ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಅಮೆರಿಕದ ಪ್ರಜೆಯಾಗಿ ನಾನು ಮೊದಲ ಸಲ ಮತ ಹಾಕಿದ್ದು 2018ರಲ್ಲಿ. ಆಗ ಟೆಕ್ಸಾಸಿನಲ್ಲಿ ಒಂದೇ ಗುರುತಿನಿಂದ ಒಂದು ಪಕ್ಷದ ಇಡೀ ಪಟ್ಟಿಗೆ ಮತ ಕೊಡುವ ಅವಕಾಶವಿತ್ತು. ನಾನು ಅದನ್ನೇ ಬಳಸಿ, ಒಂದು ನಿಮಿಷವೂ ತೆಗೆದುಕೊಳ್ಳದೆ ಹೊರಗೆ ಬಂದು, ಮತ ಹಾಕಿದ್ದೇನೆಂದು ಸಾರುವ ಚೀಟಿಯನ್ನು ಅಂಗಿಗೆ ಅಂಟಿಸಿಕೊಂಡು ಫೋಟೊ ತೆಗೆಸಿಕೊಂಡೆ. ಆ ಒಂದು ಗುರುತಿನಿಂದ ಎಷ್ಟು ನ್ಯಾಯಾಧೀಶರನ್ನು ಪೀಠಕ್ಕೆ ಏರಿಸಿದೆ, ಎಷ್ಟು ಮಂದಿಯನ್ನು ಇಳಿಸಿದೆ ಎಂಬುದು ಈಗಲೂ ನನಗೆ ಗೊತ್ತಿಲ್ಲ. 2017ರಲ್ಲಿ ಅಂಗೀಕಾರವಾದ ಕಾನೂನೊಂದು 2020ರ ಸೆಪ್ಟೆಂಬರಿನಿಂದ ಜಾರಿಗೆ ಬಂದು ಆ ಸೌಕರ್ಯ ಹೋಯಿತು. ಈಗ ಒಂದೊಂದು ಹುದ್ದೆಗೂ ಬೇರೆ ಬೇರೆಯಾಗಿ ಗುರುತು ಹಾಕಬೇಕು. ಅಷ್ಟರಿಂದ ನಾನೇನೂ ಸುಧಾರಿಸಲಿಲ್ಲ. 2022ರಲ್ಲಿ ಗವರ್ನರ್ ಮತ್ತಿತರ ದೊಡ್ಡ ಹುದ್ದೆಗಳವರೆಗೆ ಗಮನವಿಟ್ಟು ಗುರುತು ಹಾಕಿ, ನ್ಯಾಯಾಲಯಗಳ ಸಾಲು ಶುರುವಾದೊಡನೆ, ಕಿವಿಗೆ ಪರಿಚಿತವೆನಿಸಿದ ಎರಡು ಹೆಸರುಗಳಿಗೆ ಮತ ಕೊಟ್ಟು ಉಳಿದವನ್ನು ಹಾಗೆಯೇ ಬಿಟ್ಟುಬಂದೆ. ಆ ಎರಡರಲ್ಲಿ ಒಂದು ಸುರೇಂದ್ರನ್ ಕೆ. ಪಟ್ಟೇಲ್ ಅವರ ಹೆಸರು.

ಅವರ ಬದುಕಿನ ಕಥೆ ಭಾರತದ ಪತ್ರಿಕೆಗಳಲ್ಲೆಲ್ಲ ಬಂದಿದೆಯಾದ್ದರಿಂದ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಆದರೂ ಅದನ್ನು ಇನ್ನೊಮ್ಮೆ ಹೇಳುತ್ತೇನೆ. ಹೇಳದೆ ಹೋದರೆ ನನ್ನ ಮಾತು ಅರ್ಧವಾಗುತ್ತದೆ. ಅವರು ಹುಟ್ಟಿದ್ದು ಕಾಸರಗೋಡು ಜಿಲ್ಲೆಯ ಬಳಾಲ್ ಎಂಬ ಗುಡ್ಡಗಾಡಿನ ಊರಿನಲ್ಲಿ. ತಂದೆ ತಾಯಿ ಇಬ್ಬರೂ ದಿನಗೂಲಿಯವರು. ನಾನು ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಕುಂಬಳೆಯ ಕಡೆಯ ಕನ್ನಡ ಶಾಲೆಯಲ್ಲಿ ಓದಿದವನು; ಅವರದು ಹೊಳೆಯಿಂದ ದಕ್ಷಿಣದ ಮಲಯಾಳ ಸೀಮೆ. 1956ರ ನವೆಂಬರ್ 1ರಂದು ಹೊಳೆಯ ಆಚೆ ಈಚೆ ಎರಡೂ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಹೋದವು. ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿದ್ದು ಉತ್ತರದ ಭಾಗವನ್ನು ಮಾತ್ರ. ಆದ್ದರಿಂದ ಅವರನ್ನು "ನಮ್ಮ ಕನ್ನಡಿಗ" ಎಂದು ಎಳೆದುಕೊಳ್ಳುವ ಹಕ್ಕು ನಮಗಿಲ್ಲ. ಅವರು ವಕೀಲಿಕೆ ಶುರುಮಾಡಿದ, ಅದೇ ಜಿಲ್ಲೆಯ ಊರಿನ ಹೆಸರು ಹೊಸದುರ್ಗ, ಅಲ್ಲಿನ ಕೋಟೆ ಕೆಳದಿ ಅರಸರದು ಎಂಬಷ್ಟು ನಂಟಿನಲ್ಲಿ ನಾವು ತೃಪ್ತಿಪಡಬೇಕು.

ಬೀಡಿ ಕಟ್ಟುವುದೆಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ, ಬೆಂಗಳೂರಿನಿಂದ ಬಂದವರಿಗೆ ವಿವರಿಸಬೇಕಾದೀತು. ನನ್ನ ತಾಯಿಯೂ ಬೀಡಿ ಕಟ್ಟುತ್ತಿದ್ದರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ನೆನೆಸಿ ಮೆತ್ತಗಾಗಿಸಿದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಪುಡಿ ಉದುರಿಸಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು, ಇಪ್ಪತ್ತೈದರ ಕಟ್ಟುಗಳನ್ನು ಮಾಡಿ ಸಂಜೆಗೆ ಬೀಡಿ ಬ್ರಾಂಚಿಗೆ ಒಯ್ಯಬೇಕು. ಬ್ರಾಂಚಿನಲ್ಲಿ ಕುಳಿತವರು ಕಟ್ಟನ್ನು ಬೆರಳಿನಿಂದ ಒತ್ತಿ, ಸಡಿಲವಾದದ್ದನ್ನು, ಎಲೆ ಹರಿದದ್ದನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದರು. ಎಸೆದದ್ದಕ್ಕೆ ಕೂಲಿ ಇಲ್ಲ. ನಮ್ಮೂರ ಬ್ರಾಂಚಿನಲ್ಲಿದ್ದವರು ನನಗೆ ವರಸೆಯಲ್ಲಿ ಮಾವ ಆಗಬೇಕು. ಹಬ್ಬಕ್ಕೆ ನಮ್ಮ ಮನೆಗೆ ಬಂದು ಉಣ್ಣುತ್ತಿದ್ದ ಅವರು, ಅಮ್ಮ ಕಟ್ಟಿದ ಕಟ್ಟನ್ನು ಒತ್ತಿ ನೋಡದೆ ಒಂದು ದಿನವೂ ಒಳಗೆ ತೆಗೆದುಕೊಂಡವರಲ್ಲ. ಅಮ್ಮನೂ ಅದಕ್ಕೆ ಬೇಸರ ಮಾಡಿಕೊಂಡವರಲ್ಲ.

ಬಳಾಲಿನ ಹುಡುಗ ಅಕ್ಕನೊಂದಿಗೆ ಬೀಡಿ ಕಟ್ಟಿ, ಹತ್ತನೆಯ ತರಗತಿಯ ನಂತರ ಓದು ಬಿಟ್ಟು, ಒಂದು ವರ್ಷ ಪೂರ್ತಿ ಅದೇ ಕೆಲಸ ಮಾಡಿ, ಮತ್ತೆ ಓದಿಗೆ ಮರಳಿ, ಎಳೇರಿತಟ್ಟಿನ ಇ. ಕೆ. ನಾಯನಾರ್ ಸ್ಮಾರಕ ಸರ್ಕಾರಿ ಕಾಲೇಜನ್ನು ಸೇರಿದರು. ಕೂಲಿಗೆ ಹೋಗುತ್ತಿದ್ದುದರಿಂದ ಹಾಜರಾತಿ ಸಾಲದಾಯಿತು; ಪರೀಕ್ಷೆಗೆ ಕೂರಿಸುವುದಿಲ್ಲವೆಂದಾಗ, ಒಂದು ಅವಕಾಶ ಕೊಡಿ, ಚೆನ್ನಾಗಿ ಬರೆಯದಿದ್ದರೆ ಓದನ್ನೇ ಬಿಡುತ್ತೇನೆ ಎಂಬ ಅರ್ಥದಲ್ಲಿ ಅಧ್ಯಾಪಕರಲ್ಲಿ ಬೇಡಿಕೊಂಡು, ಕೂತು, ತರಗತಿಗೇ ಮೊದಲಿಗರಾದರು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕಲ್ಲಿಕೋಟೆಯ ಕಾನೂನು ಕಾಲೇಜಿನಲ್ಲಿ ಓದುವಾಗ ಹೋಟೆಲಿನಲ್ಲಿ ಕೆಲಸ ಮಾಡಿದರು. 1995ರಲ್ಲಿ ಪದವಿ, ಅಲ್ಲಿಂದ ಮುಂದೆ ಹೊಸದುರ್ಗದಲ್ಲಿ ವಕೀಲಿಕೆ, ನರ್ಸ್ ಆಗಿದ್ದ ಹೆಂಡತಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಅಲ್ಲಿ ಸುಪ್ರೀಂ ಕೋರ್ಟಿನ ಕಡೆ. 2007ರಲ್ಲಿ ಮತ್ತೆ ಹೆಂಡತಿಯ ಕೆಲಸದ ಕಾರಣದಿಂದಲೇ ಹ್ಯೂಸ್ಟನ್ನಿಗೆ ಬಂದು, ಕರಿ ಕೋಟು ಬಿಚ್ಚಿಟ್ಟು ದಿನಸಿ ಅಂಗಡಿಯಲ್ಲಿ ದುಡಿದರು. ಭಾರತದ ಪದವಿ ಮತ್ತು ವಕೀಲಿಕೆಯ ಅನುಭವದ ಆಧಾರದ ಮೇಲೆ ಇಲ್ಲಿ ವಕೀಲರಾಗಲು ಬೇಕಾದ ಟೆಕ್ಸಾಸ್ ಬಾರ್ ಪರೀಕ್ಷೆಗೆ ಕೂರಬಹುದೆಂದು ತಿಳಿದು, ಕೂತು, ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾದರು. 2011ರಲ್ಲಿ ಯೂನಿವರ್ಸಿಟಿ ಆಫ್ ಹ್ಯೂಸ್ಟನ್ನಿನಿಂದ ಎಲ್‌ಎಲ್‌ಎಂ, 2017ರಲ್ಲಿ ಪೌರತ್ವ.

ಈ ಕಥೆಯಲ್ಲಿ ನರ್ಸ್ ಹೆಂಡತಿಯ ಪಾಲು ಎಷ್ಟು ದೊಡ್ಡದೆಂಬುದನ್ನು ಬರೆದವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನಮ್ಮ ನಡುವಿನ ಎಷ್ಟೋ ಮನೆಗಳು ಹಾಗೆಯೇ ನಿಂತಿವೆ ಎಂಬುದು ನಿಮಗೂ ಗೊತ್ತು.

ಪೀಠಕ್ಕೆ ಅವರು ಮೊದಲು ಪ್ರಯತ್ನಿಸಿದ್ದು 2020ರಲ್ಲಿ, ಆಗ ಗೆಲ್ಲಲಿಲ್ಲ. 2022ರಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಎಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ತಮ್ಮದೇ ಪಕ್ಷದ ಹಾಲಿ ನ್ಯಾಯಾಧೀಶರನ್ನು ಸೋಲಿಸಿ, ನವೆಂಬರಿನ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನು ಸೋಲಿಸಿ, 2023ರ ಜನವರಿ 1ರಂದು ಪ್ರಮಾಣವಚನ ಸ್ವೀಕರಿಸಿದರು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಆಡಿಕೊಂಡವರಿದ್ದರು, ಈ ಉಚ್ಚಾರಣೆಯಲ್ಲಿ ಗೆಲ್ಲುವುದುಂಟೇ ಎಂದು ಸ್ವಂತ ಪಕ್ಷದಲ್ಲೇ ಅನುಮಾನಪಟ್ಟವರಿದ್ದರು ಎಂದೂ ಅವರು ಹೇಳಿಕೊಂಡಿದ್ದಾರೆ. ಆ ಮಾತನ್ನು ಓದಿದ ದಿನ ನನಗೆ ರಕ್ತ ಬಿಸಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ನನ್ನ ಮತ ಆ ಬಿಸಿಯಲ್ಲಿ ಬಿದ್ದ ಮತ.

ಅದೇ ಕೌಂಟಿಯ ಮೂರನೆಯ ಕೌಂಟಿ ಕೋರ್ಟ್ ಅಟ್ ಲಾ ಪೀಠಕ್ಕೆ 2018ರಲ್ಲಿ ಆಯ್ಕೆಯಾದ ಜೂಲಿ ಮ್ಯಾಥ್ಯೂ ಅವರು ತಮ್ಮ ಎರಡನೆಯ ಅವಧಿಯ ಪ್ರಮಾಣವಚನವನ್ನು ಸ್ವೀಕರಿಸಿದ್ದು ಕಾಸರಗೋಡಿನ ಭೀಮನಡಿಯಲ್ಲಿರುವ ಗಂಡನ ಮನೆಯಿಂದ, ಆನ್‌ಲೈನಿನಲ್ಲಿ. ಕೌಂಟಿ ಜಡ್ಜ್ ಆಗಿ ಆಯ್ಕೆಯಾದ ಕೆ. ಪಿ. ಜಾರ್ಜ್ ಅವರ ಹೆಸರಿನ ಹಿಂದೆಯೂ "ಜಡ್ಜ್" ಎಂದು ಬರೆದದ್ದನ್ನು ನೋಡಿ ಅವರನ್ನೂ ಈ ಸಾಲಿಗೆ ಸೇರಿಸುವವರುಂಟು. ಟೆಕ್ಸಾಸಿನಲ್ಲಿ ಕೌಂಟಿ ಜಡ್ಜ್ ಎಂದರೆ ಮುಖ್ಯವಾಗಿ ಕೌಂಟಿಯ ಆಡಳಿತದ ಮುಖ್ಯಸ್ಥರು, ಆಯವ್ಯಯ ಮತ್ತು ರಸ್ತೆಗಳ ವಿಷಯ ನೋಡುವವರು. ಹೆಸರಿನಲ್ಲಿ ಜಡ್ಜ್ ಇದ್ದ ಮಾತ್ರಕ್ಕೆ ಅವರ ಮುಂದೆ ಕೊಲೆ ಮೊಕದ್ದಮೆ ನಡೆಯುವುದಿಲ್ಲ.

ಕೊಲೆ ಮೊಕದ್ದಮೆ ನಡೆಯುವುದು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ. ನಮ್ಮ ಕಡೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದರ ಸ್ಥಾನ ಇದಕ್ಕೆ. ಗಂಭೀರ ಅಪರಾಧಗಳು, ಭೂಮಿಯ ಒಡೆತನದ ವ್ಯಾಜ್ಯ, ದೊಡ್ಡ ಮೊತ್ತದ ಒಪ್ಪಂದದ ಜಗಳ, ವಿಚ್ಛೇದನ ಮತ್ತು ಮಕ್ಕಳ ಪಾಲನೆ, ಇವೆಲ್ಲ ಡಿಸ್ಟ್ರಿಕ್ಟ್ ಕೋರ್ಟುಗಳ ಪಾಲು; ನಮ್ಮ ಕೌಂಟಿಯಲ್ಲಿ ಕೌಟುಂಬಿಕ ವಿಷಯಗಳಿಗೆ ಕೆಲವು ಕೋರ್ಟುಗಳು ಬೇರೆಯಾಗಿಯೇ ಇವೆ. ಟೆಕ್ಸಾಸಿನ ದಂಡಸಂಹಿತೆಯಲ್ಲಿ ಮೊದಲ ದರ್ಜೆಯ ಫೆಲೊನಿಗೆ, ಎಂದರೆ ಗಂಭೀರ ಅಪರಾಧಕ್ಕೆ, ಶಿಕ್ಷೆ 5 ವರ್ಷದಿಂದ 99 ವರ್ಷ ಅಥವಾ ಜೀವಾವಧಿ. ಎರಡನೆಯ ದರ್ಜೆಗೆ 2ರಿಂದ 20 ವರ್ಷ. ಐದಕ್ಕೂ ತೊಂಬತ್ತೊಂಬತ್ತಕ್ಕೂ ನಡುವಿನ ಆ ಬಯಲಿನಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು, ಆರೋಪಿಯು ಜ್ಯೂರಿಯೇ (ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ನಾಗರಿಕರ ಮಂಡಳಿ) ಶಿಕ್ಷೆ ನಿಗದಿಪಡಿಸಲಿ ಎಂದು ಕೇಳಿಕೊಳ್ಳದಿದ್ದರೆ, ತೀರ್ಮಾನಿಸುವುದು ಪೀಠದಲ್ಲಿ ಕುಳಿತ ಒಬ್ಬ ವ್ಯಕ್ತಿ. ಅವರನ್ನು ಅಲ್ಲಿ ಕೂರಿಸಿದವರು ನಾವು.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಜ್ಯೂರಿ ಕರೆ ಬಂದು, ಕೌಂಟಿಯ ಕೇಂದ್ರವಾದ ರಿಚ್ಮಂಡ್‌ನ ಜಸ್ಟಿಸ್ ಸೆಂಟರಿಗೆ, ಎಂದರೆ ನ್ಯಾಯಾಲಯಗಳ ಕಟ್ಟಡಕ್ಕೆ, ಹೋಗಿದ್ದೆ. ನಮ್ಮ ಗುಂಪನ್ನು ಮಧ್ಯಾಹ್ನಕ್ಕೆ ಮುಂಚೆಯೇ ಕಳುಹಿಸಿಬಿಟ್ಟರು. ರಜೆ ಹಾಕಿಯಾಗಿದೆ, ಮನೆಗೆ ಹೋಗಿ ಮಾಡುವುದೇನು ಎಂದು ತೆರೆದಿದ್ದ ಒಂದು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಅಲ್ಲಿ ತಪ್ಪೊಪ್ಪಿಗೆಗಳ ಸರದಿ ನಡೆದಿತ್ತು. ಟೆಕ್ಸಾಸಿನ ಕಾನೂನಿನ ಪ್ರಕಾರ, ಆರೋಪಿಯು ತಪ್ಪೊಪ್ಪಿಕೊಳ್ಳುವ ಮುನ್ನ, ನೀವು ಈ ದೇಶದ ಪ್ರಜೆಯಲ್ಲದಿದ್ದರೆ ಈ ಒಪ್ಪಿಗೆಯಿಂದ ನಿಮ್ಮನ್ನು ಗಡೀಪಾರು ಮಾಡಬಹುದು, ಮರಳಿ ಬರುವುದನ್ನು ತಡೆಯಬಹುದು, ಪೌರತ್ವವನ್ನು ನಿರಾಕರಿಸಬಹುದು ಎಂದು ನ್ಯಾಯಾಲಯವು ಎಚ್ಚರಿಸಲೇಬೇಕು. ಸಾಲಿನಲ್ಲಿ ನಿಂತಿದ್ದ ಒಬ್ಬ ತರುಣ, ನಮ್ಮ ಕಡೆಯವನಲ್ಲ, ಬೇರೆ ಯಾವುದೋ ದೇಶದಿಂದ ಬಂದವನು, ಪ್ರತಿ ಪ್ರಶ್ನೆಗೂ "ಯೆಸ್ ಸರ್" ಎನ್ನುತ್ತಿದ್ದ. ನ್ಯಾಯಾಧೀಶರು ಕಾಗದ ಓದುವುದನ್ನು ನಿಲ್ಲಿಸಿ, ಕನ್ನಡಕ ತೆಗೆದು, "ನಾನು ಈಗ ಹೇಳಿದ್ದೇನು, ನಿನ್ನ ಮಾತಿನಲ್ಲಿ ಹೇಳು ನೋಡೋಣ" ಎಂದರು. ಆತನಿಗೆ ಹೇಳಲಾಗಲಿಲ್ಲ. ದುಭಾಷಿ ಬರುವವರೆಗೆ ಆ ಪ್ರಕರಣವನ್ನು ಬದಿಗಿರಿಸಲಾಯಿತು. ಎರಡೇ ನಿಮಿಷದ ಸಂಗತಿ. ಅದೇ ದಿನ ಇನ್ನೊಂದು ಕೊಠಡಿಯಲ್ಲಿ ಅದೇ ಎಚ್ಚರಿಕೆಯನ್ನು ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ ಓದಿ ಮುಗಿಸಿದ್ದನ್ನೂ ಕೇಳಿದೆ. ಎರಡು ಕೊಠಡಿಗಳಲ್ಲೂ ಕಾನೂನಿನ ಅಕ್ಷರ ಪಾಲನೆಯಾಗಿತ್ತು.

ಇಲ್ಲಿ ನಮ್ಮವರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಟೆಕ್ಸಾಸಿನಲ್ಲಿ "ಡಿಫರ್ಡ್ ಅಡ್ಜುಡಿಕೇಷನ್" ಎಂಬ ವ್ಯವಸ್ಥೆಯುಂಟು: ತಪ್ಪೊಪ್ಪಿಕೊಂಡವರ ಮೇಲೆ ಅಪರಾಧ ನಿರ್ಣಯ ಹೇಳದೆ, ಷರತ್ತುಗಳನ್ನು ವಿಧಿಸಿ, ಅವಧಿ ಸರಿಯಾಗಿ ಮುಗಿದರೆ ಪ್ರಕರಣವನ್ನು ವಜಾ ಮಾಡುವುದು. ರಾಜ್ಯದ ಲೆಕ್ಕದಲ್ಲಿ ಅದು ಶಿಕ್ಷೆಯಾದಂತಲ್ಲ, ಆದರೆ ಕೇಂದ್ರದ ವಲಸೆ ಕಾನೂನಿನ ಲೆಕ್ಕದಲ್ಲಿ ಬಹುಪಾಲು ಶಿಕ್ಷೆಯಾದಂತೆಯೇ. ಎಚ್-1ಬಿ ವೀಸಾದ ಮೇಲೆ ಇರುವ ನಮ್ಮ ನೆರೆಯವರು, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವವರು, "ಏನೂ ಆಗಲಿಲ್ಲ, ಬಿಟ್ಟುಬಿಟ್ಟರು" ಎಂದು ನಿಟ್ಟುಸಿರು ಬಿಟ್ಟ ಮೇಲೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಹೀಗೆ. ಆ ಎಚ್ಚರಿಕೆಯ ಮಾತನ್ನು ಪೀಠದಲ್ಲಿ ಕುಳಿತವರು ಹೇಗೆ ಹೇಳುತ್ತಾರೆ ಎಂಬುದಕ್ಕೆ ಒಂದು ಸಂಸಾರದ ಬೆಲೆ ಇದೆ. ಮತ್ತು ಅದನ್ನು ಕೇಳಿಸಿಕೊಳ್ಳಬೇಕಾದವರಿಗೆ ಮತವಿಲ್ಲ. ಅವರು ಜ್ಯೂರಿಯಲ್ಲೂ ಕೂರುವಂತಿಲ್ಲ. ತೆರಿಗೆ ಕೊಟ್ಟು ಕಾನೂನಿಗೆ ತಲೆಬಾಗಿ ಬದುಕುವ ಅವರ ಪಾಲಿನ ಗುರುತನ್ನೂ ನಮ್ಮ ಕೈಯೇ ಹಾಕುತ್ತಿದೆ ಎಂಬುದನ್ನು ಖಾಲಿ ಸಾಲಿನ ಮುಂದೆ ನಿಂತಾಗ ನೆನೆಯಬೇಕು.

ನಾವು ವಾಸಿಸುವ ನೆಲಕ್ಕೆ ಮತದ ವಿಷಯದಲ್ಲಿ ಒಂದು ಹಳೆಯ ಗಾಯವಿದೆ. 1889ರಲ್ಲಿ ರಿಚ್ಮಂಡ್‌ನಲ್ಲಿ ಜೇಬರ್ಡ್ ಡೆಮಾಕ್ರಟಿಕ್ ಅಸೋಸಿಯೇಷನ್ ಎಂಬ ಬಿಳಿಯರ ಸಂಘ ಹುಟ್ಟಿಕೊಂಡಿತು. ಅದು ಪಕ್ಷದ ಪ್ರೈಮರಿಗೂ ಮೊದಲು ತನ್ನದೇ ಒಂದು ಖಾಸಗಿ ಚುನಾವಣೆ ನಡೆಸುತ್ತಿತ್ತು. ಕರಿಯರಿಗೆ ಅದರಲ್ಲಿ ಮತವಿರಲಿಲ್ಲ. ಅಲ್ಲಿ ಗೆದ್ದವರ ಮುಂದೆ ಪ್ರೈಮರಿಯಲ್ಲಾಗಲಿ ಆಮೇಲಾಗಲಿ ಸಾಮಾನ್ಯವಾಗಿ ಯಾರೂ ನಿಲ್ಲುತ್ತಿರಲಿಲ್ಲ. ಹೀಗೆ ಕಾನೂನಿನ ಪ್ರಕಾರ ಎಲ್ಲರಿಗೂ ಮತವಿದ್ದೂ, ಕೌಂಟಿಯ ಹುದ್ದೆಗಳೆಲ್ಲ ಆರು ದಶಕಗಳ ಕಾಲ ಮೊದಲೇ ತೀರ್ಮಾನವಾಗಿ ಹೋಗುತ್ತಿದ್ದವು. ಅರಿಜೋನಾ ಫ್ಲೆಮಿಂಗ್ ಎಂಬ ಮಹಿಳೆ, ವಿಲ್ಲಿ ಮೆಲ್ಟನ್ ಎಂಬವರು ಮತ್ತು ಸಂಗಡಿಗರು ಕೋರ್ಟಿಗೆ ಹೋದರು. 1953ರಲ್ಲಿ ಟೆರ್ರಿ ವಿರುದ್ಧ ಆಡಮ್ಸ್ ಎಂಬ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಏರ್ಪಾಡು ಸಂವಿಧಾನದ ಹದಿನೈದನೆಯ ತಿದ್ದುಪಡಿಗೆ ವಿರುದ್ಧವೆಂದು ಹೇಳಿತು. ಅರಿಜೋನಾ ಫ್ಲೆಮಿಂಗ್ ಅವರ ಹೆಸರಿನ ಪ್ರಾಥಮಿಕ ಶಾಲೆ ನಮ್ಮ ಕೌಂಟಿಯಲ್ಲಿದೆ. ನಮ್ಮ ಮಕ್ಕಳಿಗೆ ಆ ಹೆಸರು ಬರೀ ಒಂದು ಬಸ್ಸಿನ ಮೇಲಿನ ಬರಹ.

ಭಾರತೀಯರ ಮಾತು ಹೇಳುವುದಾದರೆ, 1923ರಲ್ಲಿ ಭಗತ್ ಸಿಂಗ್ ತಿಂಡ್ ಅವರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಭಾರತೀಯರು ಈ ದೇಶದ ಪ್ರಜೆಗಳಾಗಲು ಬಾರದು ಎಂದಿತ್ತು. 1946ರ ಕಾನೂನು ಬರುವವರೆಗೆ ಅದೇ ಸ್ಥಿತಿ. 2017ರಲ್ಲಿ ಪ್ರಜೆಯಾದವರೊಬ್ಬರು 2022ರಲ್ಲಿ ಪ್ರೈಮರಿ ಗೆದ್ದು ರಿಚ್ಮಂಡ್‌ನ ಪೀಠಕ್ಕೆ ಬಂದದ್ದನ್ನು ನಾನು ಹಗುರವಾಗಿ ನೋಡುವುದಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ. ಆದರೆ ಗೆದ್ದ ದಿನದ ಸಂತೋಷ ಬೇರೆ, ನಾಲ್ಕು ವರ್ಷದ ನಂತರದ ಲೆಕ್ಕ ಬೇರೆ. ಬೀಡಿ ಕಟ್ಟಿದ ಕೈ ಎಂಬ ಕಾರಣಕ್ಕೆ ನನಗೆ ಆ ವ್ಯಕ್ತಿಯ ಮೇಲೆ ಪ್ರೀತಿಯಿದೆ. ಪೀಠದಲ್ಲಿ ಕುಳಿತ ಮೇಲೆ ಮಾಡಿದ ಕೆಲಸಕ್ಕೆ ಸಿಗಬೇಕಾದದ್ದು ಪರಿಶೀಲನೆ. ಈ ಮಾತು ಅವರಿಗೆ ಎಷ್ಟು ಸಲ್ಲುತ್ತದೆಯೋ ಕೌಂಟಿಯ ಎಲ್ಲ ಪೀಠಗಳಲ್ಲಿ ಕುಳಿತವರಿಗೂ ಅಷ್ಟೇ ಸಲ್ಲುತ್ತದೆ.

ನ್ಯಾಯಾಧೀಶರನ್ನು ಚುನಾಯಿಸುವ ಪದ್ಧತಿಯೇ ಸರಿಯಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ, ಊರಿನಿಂದ ಬಂದ ನನ್ನ ಭಾವನವರಂತೂ ಕೇಳಿ ನಕ್ಕೇಬಿಟ್ಟರು. ಅವರ ನಗುವಿನಲ್ಲಿ ಹುರುಳಿಲ್ಲದೆ ಇಲ್ಲ. ಟೆಕ್ಸಾಸ್ ಈ ಪದ್ಧತಿಗೆ ಬಂದದ್ದು 1850ರಲ್ಲಿ. 1876ರ ಸಂವಿಧಾನ ಅದನ್ನು ಗಟ್ಟಿಮಾಡಿತು. ಗವರ್ನರ್ ತನಗೆ ಬೇಕಾದವರನ್ನು ಕೂರಿಸಿದರೆ ಬಡರೈತನಿಗೆ ನ್ಯಾಯ ಸಿಗದು ಎಂಬ ಅನುಮಾನ ಆ ಕಾಲದವರದು. ಅದರ ಬೆಲೆಯನ್ನೂ ಕಂಡಿದ್ದೇವೆ. ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ 2018ರಲ್ಲಿ ಚುನಾವಣೆಗಿದ್ದ 59 ನ್ಯಾಯಾಧೀಶ ಸ್ಥಾನಗಳನ್ನೂ ಒಂದೇ ಪಕ್ಷ ಗೆದ್ದುಕೊಂಡಿತು. ಐವತ್ತೊಂಬತ್ತು ಸ್ಪರ್ಧೆಗಳಲ್ಲಿ ಒಂದರಲ್ಲಿಯೂ ಎದುರು ಪಕ್ಷದ ಅಭ್ಯರ್ಥಿ ಉತ್ತಮರಿರಲಿಲ್ಲವೇ? ಮೇಲಿನ ಸಾಲಿನ ಗಾಳಿ ಬೀಸಿದತ್ತ ಕೆಳಸಾಲೆಲ್ಲ ಬಾಗಿತು, ಅಷ್ಟೆ. ಇನ್ನು ಹಣದ ಮಾತು: ಪ್ರಚಾರಕ್ಕೆ ದೇಣಿಗೆ ಕೊಡುವವರಲ್ಲಿ ಅದೇ ನ್ಯಾಯಾಲಯದಲ್ಲಿ ನಾಳೆ ವಾದ ಮಾಡಬೇಕಾದ ವಕೀಲರಿರುತ್ತಾರೆ. 1995ರ ಕಾನೂನು ದೇಣಿಗೆಗೆ ಮಿತಿ ಹಾಕಿದೆಯೇ ಹೊರತು ಆ ಮುಜುಗರವನ್ನು ತೆಗೆದಿಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥನೊಬ್ಬ ಸುಮಾರು 30 ಲಕ್ಷ ಡಾಲರ್ ಸುರಿದು ಒಬ್ಬರನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಗೆಲ್ಲಿಸಿಕೊಂಡು, ತನ್ನ ಕಂಪನಿಯ ಮೇಲ್ಮನವಿ ಅವರ ಮುಂದೆ ಬಂದಾಗ ಅವರು ಹಿಂದೆ ಸರಿಯದೆ ಹೋದದ್ದೂ, 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಪ್ಪೆಂದು ಹೇಳಿದ್ದೂ ದಾಖಲೆಯಲ್ಲಿದೆ.

ಆದರೂ ಭಾವನವರಿಗೆ ನಾನು ಹೇಳಿದ್ದು ಇಷ್ಟು: ನಮ್ಮ ಭಾರತದಲ್ಲಿ ಜಿಲ್ಲಾ ನ್ಯಾಯಾಧೀಶರನ್ನು ಸಂವಿಧಾನದ 233ನೆಯ ವಿಧಿಯಂತೆ ಹೈಕೋರ್ಟಿನ ಸಮಾಲೋಚನೆಯೊಂದಿಗೆ ರಾಜ್ಯಪಾಲರು ನೇಮಿಸುತ್ತಾರೆ, ಪರೀಕ್ಷೆಯಿದೆ, ಅನುಭವದ ನಿಯಮವಿದೆ, ವರ್ಗಾವಣೆಯಿದೆ. ನೀವೂ ನಾನೂ ಅಲ್ಲಿ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲದಿರುವುದೇ ಅಲ್ಲಿನ ರಕ್ಷಣೆ. ಇಲ್ಲಿ ಪರೀಕ್ಷಕರೇ ನಾವು. ಪರೀಕ್ಷಕನು ಉತ್ತರಪತ್ರಿಕೆ ಬಿಡಿಸದೆ ಹೆಸರು ನೋಡಿ ಅಂಕ ಕೊಟ್ಟರೆ, ಎರಡು ಪದ್ಧತಿಗಳ ಕೆಟ್ಟದ್ದು ಮಾತ್ರ ಉಳಿಯುತ್ತದೆ. 2021ರ ನವೆಂಬರಿನಲ್ಲಿ ಟೆಕ್ಸಾಸಿನ ಮತದಾರರೇ ಸಂವಿಧಾನ ತಿದ್ದುಪಡಿಯೊಂದನ್ನು ಒಪ್ಪಿ, ಡಿಸ್ಟ್ರಿಕ್ಟ್ ನ್ಯಾಯಾಧೀಶರಾಗಲು ಬೇಕಾದ ಅನುಭವವನ್ನು ನಾಲ್ಕು ವರ್ಷದಿಂದ ಎಂಟಕ್ಕೆ ಏರಿಸಿದರು. ಕಾನೂನು ಕೇಳುವ ಅರ್ಹತೆ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ನಮ್ಮ ತಲೆಯ ಮೇಲೆ.

ನೋಡುವುದು ಹೇಗೆ ಎಂದು ಕೇಳಬಹುದು. ಯಾವ ಪೀಠದಲ್ಲಿ ಎಷ್ಟು ಮೊಕದ್ದಮೆ ಬಾಕಿ ಇವೆ, ತಿಂಗಳಿಗೆ ಎಷ್ಟು ಇತ್ಯರ್ಥವಾಗುತ್ತಿವೆ ಎಂಬ ಅಂಕಿಗಳನ್ನು ರಾಜ್ಯದ ಆಫೀಸ್ ಆಫ್ ಕೋರ್ಟ್ ಅಡ್ಮಿನಿಸ್ಟ್ರೇಷನ್ ಪ್ರಕಟಿಸುತ್ತದೆ. ದೇಣಿಗೆ ಕೊಟ್ಟವರ ಪಟ್ಟಿ ಟೆಕ್ಸಾಸ್ ಎಥಿಕ್ಸ್ ಕಮಿಷನ್ನಿನಲ್ಲಿ ಸಿಗುತ್ತದೆ. ಕಾಲು ಗಂಟೆ ಸಾಕು. ಪೀಠದ ನಡವಳಿಕೆಯ ಬಗ್ಗೆ ಬಹಿರಂಗವಾಗಿ ಛೀಮಾರಿ ಬಿದ್ದಿದ್ದರೆ ಅದು 1965ರಿಂದ ಇರುವ ಸ್ಟೇಟ್ ಕಮಿಷನ್ ಆನ್ ಜುಡಿಷಿಯಲ್ ಕಾಂಡಕ್ಟಿನ ದಾಖಲೆಯಲ್ಲಿರುತ್ತದೆ. ಲೀಗ್ ಆಫ್ ವಿಮೆನ್ ವೋಟರ್ಸ್‌ನವರು ಅಭ್ಯರ್ಥಿಗಳಿಗೆ ಪ್ರಶ್ನೆ ಕಳುಹಿಸಿ ಉತ್ತರಗಳನ್ನು ಅಚ್ಚುಹಾಕುತ್ತಾರೆ. ಉತ್ತರಿಸದೆ ಬಿಟ್ಟವರ ಜಾಗ ಖಾಲಿಯೇ ಇರುತ್ತದೆ, ಅದೂ ಒಂದು ಉತ್ತರ. ನಿಮಗೆ ಗೊತ್ತಿರುವ ವಕೀಲರಿದ್ದರೆ "ನೀವು ಸೋತ ಮೊಕದ್ದಮೆಯಲ್ಲಿ ನಿಮ್ಮ ಮಾತನ್ನು ಪೂರ್ತಿ ಕೇಳಿದವರು ಯಾರು" ಎಂದು ಕೇಳಿ. ಗೆದ್ದದ್ದರ ಬಗ್ಗೆ ಕೇಳಿದರೆ ಎಲ್ಲರನ್ನೂ ಹೊಗಳುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ತಿಳಿಯುವುದು ಹೋಗಿ ಕೂತರೆ. ನ್ಯಾಯಾಲಯಗಳು ತೆರೆದ ಬಾಗಿಲಿನವು. ಯಾಕೆ ಬಂದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ವಕೀಲರು ತಡವಾಗಿ ಬಂದಾಗ ಪೀಠದ ಮುಖ ಹೇಗಿರುತ್ತದೆ, ವಕೀಲರಿಲ್ಲದೆ ಒಬ್ಬಂಟಿಯಾಗಿ ನಿಂತವರೊಂದಿಗೆ ಮಾತಿನ ವೇಗ ಎಷ್ಟು, ಸರ್ಕಾರಿ ವಕೀಲರ ಆಕ್ಷೇಪಣೆಗೂ ಆರೋಪಿಯ ವಕೀಲರ ಆಕ್ಷೇಪಣೆಗೂ ಒಂದೇ ಕಿವಿಯೇ, ಗುಮಾಸ್ತರೂ ಬೇಲಿಫರೂ ಆ ಕೊಠಡಿಯಲ್ಲಿ ಹೆದರಿಕೊಂಡಿದ್ದಾರೆಯೇ ನೆಮ್ಮದಿಯಿಂದಿದ್ದಾರೆಯೇ, ಇವನ್ನು ತಿಳಿಯಲು ಕಾನೂನು ಓದಿರಬೇಕಾಗಿಲ್ಲ. ಬ್ರಾಂಚಿನ ಮಾವ ಕಟ್ಟನ್ನು ಒತ್ತಿ ನೋಡಲು ತೆಗೆದುಕೊಳ್ಳುತ್ತಿದ್ದುದು ಎರಡು ಕ್ಷಣ.

ನಮ್ಮ ಸಂಘಗಳ ಹಿರಿಯರಿಗೆ ಒಂದು ಮಾತು. ಚುನಾವಣೆಯ ವರ್ಷ ಅಭ್ಯರ್ಥಿಗಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಮೂರು ನಿಮಿಷ ಮಾತಾಡಿಸಿ ಕಳುಹಿಸುವ ಪದ್ಧತಿ ನಮ್ಮಲ್ಲಿದೆ. ಶಾಲು ಹೊದಿಸಿದ ಮೇಲೆ ಪ್ರಶ್ನೆ ಕೇಳಲು ಯಾರಿಗೆ ನಾಲಿಗೆ ಬರುತ್ತದೆ? ಮುಂದಿನ ಮೊಕದ್ದಮೆಯಲ್ಲಿ ಹೇಗೆ ತೀರ್ಪು ಕೊಡುತ್ತೀರಿ ಎಂದು ನ್ಯಾಯಾಧೀಶ ಅಭ್ಯರ್ಥಿಯನ್ನು ಕೇಳಬಾರದು, ಅವರು ಹೇಳಲೂಬಾರದು. ಆದರೆ ಬಾಕಿ ಮೊಕದ್ದಮೆಗಳ ಬಗ್ಗೆ, ದುಭಾಷಿಗಳ ಬಗ್ಗೆ, ಬಡ ಆರೋಪಿಗೆ ವಕೀಲರನ್ನು ನೇಮಿಸುವ ಬಗೆಯ ಬಗ್ಗೆ ಕೇಳಬಹುದು. ಮುಂದಿನ ಸಲ ಶಾಲಿನ ಖರ್ಚು ಉಳಿಸಿ, ಆ ಹೊತ್ತನ್ನು ಪ್ರಶ್ನೆಗಳಿಗೆ ಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮತದಾನಕ್ಕೆ 30 ದಿನ ಮೊದಲೇ ಅರ್ಜಿ ಕೊಟ್ಟಿರಬೇಕು. ಮನೆ ಬದಲಿಸಿದವರು ವಿಳಾಸ ತಿದ್ದಿಸಿಕೊಳ್ಳಿ. ಚುನಾವಣೆಗೆ ಮುಂಚೆ ಒಂದು ಮಂಗಳವಾರ ರಜೆ ಹಾಕಿ, ಬೆಳಿಗ್ಗೆ ಎಂಟಕ್ಕೆಲ್ಲ ಶುಗರ್ ಲ್ಯಾಂಡಿನಿಂದ ರಿಚ್ಮಂಡ್‌ಗೆ ಹೊರಡುತ್ತೇನೆ. ಬಾಗಿಲಲ್ಲಿ ಭದ್ರತಾ ತಪಾಸಣೆ ಇರುತ್ತದೆ, ಒಳಗೆ ಫೋನ್ ಮುಚ್ಚಿಡಬೇಕು. ಕಾರಿನಲ್ಲಿ ಇನ್ನೂ ಮೂರು ಸೀಟು ಖಾಲಿ ಇವೆ.

ಇತಿ ನಿಮ್ಮ,
ಶುಗರ್ ಲ್ಯಾಂಡಿನ ಒಬ್ಬ ಮತದಾರ